ಎರಡು ಕ್ಲಾಸ್ ಪಕ್ಕಪಕ್ಕ ಇಟ್ರೆ ಇಡೀ ಸ್ಕ್ರೀನೇ ಕೆಂಪು!

ಈ ಸಲ ನಿಮ್ಮ ಪತ್ರಗಳ ಕಟ್ಟು ಬಿಚ್ಚಿ ಕೂತ್ರೆ ಒಂದು ತಮಾಷೆ ಆಯ್ತು. ಗಂಗಾವತಿಯಿಂದ ಒಬ್ರು, ರಾಯಚೂರಿಂದ ಒಬ್ಬ ಹುಡುಗ, ಕೊಪ್ಪಳದಿಂದ ಒಬ್ಬ ಹುಡುಗಿ, ನಮ್ಮ ಬಳ್ಳಾರಿಯವ್ರೇ ಒಬ್ರು, ಸಿಂಧನೂರಿನ ಒಬ್ಬ ಮೇಷ್ಟ್ರು. ಒಬ್ಬರಿಗೊಬ್ಬರು ಗೊತ್ತಿಲ್ಲ, ಆದ್ರೂ ಎಲ್ಲರೂ ಕೇಳಿರೋದು ಒಂದೇ, ಎರಡು ಕ್ಲಾಸ್ (ಶಾಲೆ ಕ್ಲಾಸಲ್ಲ, ಜಾವಾದಂಥ ಭಾಷೇಲಿ ಪ್ರೋಗ್ರಾಂ ಬರೆಯೋವಾಗ ಮಾಡ್ಕೊಳ್ಳೋ ಕೋಡಿನ ಘಟಕ) ಹೋಲಿಸಿ ನೋಡೋಕೆ ಒಳ್ಳೆ ಟೂಲ್ ಯಾವ್ದು ಅಂತ. ಒಂದೇ ಉತ್ತರ ಬರೆದು ಐದೂ ಜನರಿಗೆ ಹಂಚಿಬಿಡೋಣ ಅನ್ಕೊಂಡಿದ್ದೆ, ಸಂಜೆ ಒಗ್ಗರಣೆ ಮಿರ್ಚಿ ತಿಂತಾ ಇನ್ನೊಂದು ಸಲ ಓದಿದ್ಮೇಲೆ ಗೊತ್ತಾಯ್ತು, ಐದೂ ಬೇರೆ ಬೇರೆ ಕಾಯಿಲೆ, ಮಾತ್ರೆ ಹೆಸರು ಮಾತ್ರ ಒಂದೇ ಕೇಳ್ತಿದಾರೆ. ಅದಕ್ಕೆ ಈ ತಿಂಗಳ ಜಾಗ ಪೂರ್ತಿ ಇದಕ್ಕೇ. ಪ್ರಿಂಟರ್ ಇಂಕ್ ಬಗ್ಗೆ ಕೇಳಿದವ್ರು ದಯವಿಟ್ಟು ಮುಂದಿನ ಸಂಚಿಕೆ ತನಕ ತಡ್ಕೊಳ್ರಿ.

ಪ್ರಶ್ನೆ: ಸರ, ನಾನು ಗಂಗಾವತಿಯೊಳಗ ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡ್ತೀನಿ, ಜಾವಾದಾಗ ಬರದದ್ದು. ನನ್ನ ಜೋಡಿ ಕೆಲಸ ಮಾಡ್ತಿದ್ದ ಹುಡುಗ ಬೆಂಗಳೂರಿಗೆ ಹೋದ, ಹೋಗೋ ಮುಂದ ಅವನ ಲ್ಯಾಪ್‌ಟಾಪಿನ ಕೋಡ್ ಪೆನ್‌ಡ್ರೈವಿನಾಗ ಹಾಕಿ ಕೊಟ್ಟಾನ. ಈಗ ಲೋಡ್ ಬಿಲ್ ಅನ್ನೋ ಒಂದ ಕ್ಲಾಸು ಎರಡೆರಡು ಆಗ್ಯಾವ, ಒಂದು ನಂದು, ಒಂದು ಅವಂದು. ಪಕ್ಕಪಕ್ಕ ಇಟ್ಟು ಕಂಪೇರ್ ಕೊಟ್ರ ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ ಎಲ್ಲಾ ಕೆಂಪ ಐತಿ. ಕಣ್ಣಿಲೆ ನೋಡಿದ್ರ ಒಂದ ಥರ ಕಾಣ್ತಾವು. ಯಾವ ಟೂಲ್ ತಗೋಬೇಕ್ರಿ? (ಹೆಸರು ಬೇಡ ಅಂದವರು, ಗಂಗಾವತಿ)

ಉತ್ತರ: ಅಣ್ಣಾರೆ, ನಿಮ್ಮ ಟೂಲ್ ಕೆಟ್ಟಿಲ್ಲ, ಅದಕ್ಕೆ ಕ್ಲಾಸ್ ಅಂದ್ರೇನು ಅಂತಾನೇ ಗೊತ್ತಿಲ್ಲ ಅಷ್ಟೇ. ಈ ಪಕ್ಕಪಕ್ಕ ತೋರಿಸೋ ಟೂಲ್‌ಗಳ ಮೂಲ ಡಿಫ್ ಅನ್ನೋ ಕಮಾಂಡು, 1974ರಲ್ಲಿ ಬೆಲ್ ಲ್ಯಾಬ್ಸ್‌ನವರ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಐದನೇ ಆವೃತ್ತಿ ಜೊತೆ ಬಂದಿದ್ದು, ಡಗ್ಲಸ್ ಮೆಕಿಲ್‌ರಾಯ್ ಮತ್ತೆ ಜೇಮ್ಸ್ ಹಂಟ್ 1976ರಲ್ಲಿ ಅದರ ಲೆಕ್ಕ ಹೆಂಗೆ ಅಂತ ಬರೆದಿಟ್ಟಿದಾರೆ. ಅದು ನೋಡೋದು ಸಾಲುಗಳನ್ನ. ಎರಡೂ ಫೈಲಲ್ಲಿ ಅದೇ ಕ್ರಮದಲ್ಲಿ ಬರೋ ಸಾಲುಗಳು ಎಷ್ಟು ಜಾಸ್ತಿ ಸಿಗ್ತವೋ ಅಷ್ಟನ್ನ ಹಿಡ್ಕೊಂಡು ಉಳಿದಿದ್ದಕ್ಕೆಲ್ಲಾ ಬಣ್ಣ ಬಳಿತೈತೆ. ಸಾಲಿನ ಕೊನೇಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಜಾಸ್ತಿ ಇದ್ರೂ ಅದರ ಪಾಲಿಗೆ ಅದು ಬೇರೆ ಸಾಲೇ.

ನಿಮ್ಮ ಕೇಸಲ್ಲಿ ಮೊದಲನೇ ಸಾಲಿಂದ ಕೆಂಪು ಅಂದ್ರಲ್ಲ, ನನ್ನ ಅಂದಾಜು ಇದೇ. ಒಬ್ರು ವಿಂಡೋಸು ಒಬ್ರು ಲಿನಕ್ಸು ಇರ್ಬೇಕು, ವಿಂಡೋಸಲ್ಲಿ ಸಾಲು ಮುಗಿಸೋಕೆ ಎರಡು ಅಕ್ಷರ ಹಾಕ್ತಾರೆ, ಲಿನಕ್ಸಲ್ಲಿ ಒಂದೇ. ಇಲ್ಲಾಂದ್ರೆ ಆ ಹುಡುಗ ಟ್ಯಾಬ್ ಬದಲು ಸ್ಪೇಸ್ ಒತ್ತೋನು. ಡಿಫ್‌ಗೆ ಅಥವಾ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡೋ ಟೂಲು) ಡಿಫ್‌ಗೆ ಮೈನಸ್ ಡಬ್ಲ್ಯೂ ಅಂತ ಕೊಟ್ರೆ ಜಾಗದ ವ್ಯತ್ಯಾಸ ಬಿಟ್ಟು ನೋಡ್ತೈತೆ. ವಿನ್‌ಮರ್ಜ್, ಮೆಲ್ಡ್ ಎರಡರಲ್ಲೂ ಸೆಟ್ಟಿಂಗಲ್ಲಿ ಅದೇ ಆಯ್ಕೆ ಐತೆ, ಎರಡೂ ಪುಕ್ಕಟೆ. ಇಷ್ಟು ಮಾಡಿದ್ರೇನೇ ಮುಕ್ಕಾಲು ಕೆಂಪು ಇಳಿದು ಹೋಗ್ಬೇಕು.

ಇಳೀಲಿಲ್ಲ ಅಂದ್ರೆ ಎರಡನೇ ಗುಮಾನಿ, ಮೆಥಡ್‌ಗಳ (ಕ್ಲಾಸಿನೊಳಗೆ ಒಂದೊಂದು ಕೆಲಸ ಮಾಡೋ ತುಂಡುಗಳು) ಜಾಗ ಬದಲಾಗೈತೆ. ಆ ಹುಡುಗ ತೂಕದ ಮೆಥಡ್ ಮೇಲೆ ತಂದು ಹಮಾಲಿ ಲೆಕ್ಕದ ಮೆಥಡ್ ಕೆಳಗೆ ಹಾಕಿರ್ತಾನೆ. ಜಾವಾಕ್ಕೆ ಅದ್ರಿಂದ ಏನೂ ಆಗಲ್ಲ, ಕ್ಲಾಸಿನೊಳಗೆ ಮೆಥಡ್ ಯಾವ ಕ್ರಮದಲ್ಲಿದ್ರೂ ಒಂದೇ, ಆದ್ರೆ ಸಾಲು ಎಣಿಸೋ ಟೂಲಿಗೆ ಇಲ್ಲಿಂದ ನಲವತ್ತು ಸಾಲು ಹೋಯ್ತು ಅಲ್ಲಿ ನಲವತ್ತು ಸಾಲು ಬಂತು. ಗಿಟ್ 2.15ರಿಂದ ಕಲರ್ ಮೂವ್ಡ್ ಅಂತ ಒಂದು ಆಯ್ಕೆ ಬಂದೈತೆ, ಬರೀ ಜಾಗ ಬದಲಿಸಿದ ಸಾಲಿಗೆ ಬೇರೆ ಬಣ್ಣ ಕೊಡ್ತೈತೆ, ಅದು ಸಾಕಾಗ್ಬೋದು. ಕೋಡ್ ಬರೆಯೋಕೆ ಎಕ್ಲಿಪ್ಸ್ ಅನ್ನೋ ಸಾಫ್ಟ್‌ವೇರ್ ಇದ್ರೆ ಎರಡೂ ಫೈಲ್ ಸೆಲೆಕ್ಟ್ ಮಾಡಿ ಕಂಪೇರ್ ವಿತ್ ಈಚ್ ಅದರ್ ಕೊಡ್ರಿ, ಮೇಲ್ಗಡೆ ಜಾವಾ ಸ್ಟ್ರಕ್ಚರ್ ಅಂತ ಒಂದು ಪಟ್ಟಿ ಬರ್ತೈತೆ, ಯಾವ ಮೆಥಡ್ ಬದಲಾಗೈತೆ ಯಾವ್ದು ಹೊಸದು ಅಂತ ಹೆಸರಿನ ಪ್ರಕಾರ ತೋರಿಸ್ತೈತೆ. ಗಮ್‌ಟ್ರೀ ಅಂತ ಇನ್ನೊಂದು ಐತೆ, 2014ರಲ್ಲಿ ಬಂದಿದ್ದು, ಅದು ಕೋಡನ್ನ ಸಾಲಾಗಿ ನೋಡದೆ ಮರದ ಥರ ಬಿಡಿಸ್ಕೊಂಡು ಈ ಕೊಂಬೆ ಇಲ್ಲಿಂದ ಅಲ್ಲಿಗೆ ಹೋಗೈತೆ ಅಂತ ಹೇಳ್ತೈತೆ. ಹಾಕ್ಕೊಳ್ಳೋದು ಸ್ವಲ್ಪ ರಗಳೆ, ಒಂದು ಕ್ಲಾಸಿಗೋಸ್ಕರ ಅಷ್ಟು ಬೇಡ.

ನಾನು ನಿಜವಾಗ್ಲೂ ಮಾಡೋದು ಬೇರೆ, ಅದಕ್ಕೆ ಯಾವ ಟೂಲೂ ಇಳಿಸ್ಕೊಳ್ಳೋದು ಬೇಡ, ಜಾವಾದ ಡೆವಲಪ್‌ಮೆಂಟ್ ಕಿಟ್ (ಜೆಡಿಕೆ) ಹಾಕ್ಕೊಂಡಾಗ್ಲೇ ನಿಮ್ಮ ಮಷಿನ್ನಿಗೆ ಬಂದು ಕೂತಿರ್ತೈತೆ. ಹೆಸರು ಜಾವಾಪಿ. ಕಂಪೈಲ್ ಆದ, ಅಂದ್ರೆ ಮಷಿನ್ ಓದೋ ರೂಪಕ್ಕೆ ಬಂದ ಕ್ಲಾಸ್ ಫೈಲ್ ಅದಕ್ಕೆ ಕೊಟ್ರೆ ಆ ಕ್ಲಾಸಿನ ಮುಖ ತೋರಿಸ್ತೈತೆ, ಅಂದ್ರೆ ಯಾವ್ಯಾವ ಮೆಥಡ್, ಏನೇನು ತಗೊಳ್ತೈತೆ, ಏನು ವಾಪಸ್ ಕೊಡ್ತೈತೆ, ಒಂದೊಂದು ಸಾಲಲ್ಲಿ. ಸುಮ್ನೆ ಓಡಿಸಿದ್ರೆ ಪ್ರೈವೇಟ್ ಇದ್ದಿದ್ದು ತೋರಿಸಲ್ಲ, ಮೈನಸ್ ಪಿ ಕೊಟ್ರೆ ಅದೂ ಬರ್ತೈತೆ. ಎರಡೂ ಕ್ಲಾಸಿನ ಪಟ್ಟಿ ಎರಡು ಟೆಕ್ಸ್ಟ್ ಫೈಲಿಗೆ ಹಾಕ್ಕೊಂಡು, ಎರಡನ್ನೂ ಸಾರ್ಟ್ ಮಾಡಿ, ಆಮೇಲೆ ಡಿಫ್ ಕೊಡ್ರಿ. ಸಾರ್ಟ್ ಮಾಡಿದ್ರಿಂದ ಜಾಗ ಬದಲಾದ ಗಲಾಟೆ ಹೋಯ್ತು, ಕಂಪೈಲ್ ಆದ್ರಿಂದ ಟ್ಯಾಬು ಸ್ಪೇಸು ಕಾಮೆಂಟು ಎಲ್ಲಾ ಹೋಯ್ತು. ಉಳಿಯೋದು ಐದಾರು ಸಾಲು ಅಷ್ಟೇ, ಅದೇ ನೋಡ್ರಿ ಮುಖದಲ್ಲಿರೋ ನಿಜವಾದ ವ್ಯತ್ಯಾಸ. ಮಧ್ಯ ಲ್ಯಾಂಬ್ಡಾ ಡಾಲರ್ ಅಂತ ವಿಚಿತ್ರ ಹೆಸರು ಕಂಡ್ರೆ ಹೆದರಬೇಡ್ರಿ, ಅದು ಕಂಪೈಲರೇ ಇಟ್ಕೊಂಡ ಹೆಸರು.

ಮೈನಸ್ ಕಾನ್ಸ್ಟಂಟ್ಸ್ ಅಂತ ಕೊಡೋದನ್ನ ಮಾತ್ರ ಮರೀಬೇಡ್ರಿ, ಅದು ಸ್ಥಿರ ಸಂಖ್ಯೆಗಳ ಬೆಲೆನೂ ತೋರಿಸ್ತೈತೆ. ನಿಮ್ಮ ಧಂದೆಗೆ ಅದು ಬೇಕೇ ಬೇಕು, ಹೇಳ್ತೀನಿ ಯಾಕಂತ. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತಲ್ಲ, ರಾತ್ರೋರಾತ್ರಿ ಮಿಲ್ಲಿನವ್ರು 26 ಕೆಜಿ ಚೀಲ ಹೊರಡಿಸಿದ್ರಲ್ಲ, ಅದು ನಿಮಗೆ ನಾನು ಹೇಳ್ಬೇಕಾ. ಈಗ ಚೀಲ ಅನ್ನೋ ಕ್ಲಾಸಲ್ಲಿ ಸ್ಟಾಟಿಕ್ ಫೈನಲ್ ಅಂತ ಚೀಲದ ತೂಕ 25 ಬರೆದಿದ್ರಿ, ಅದನ್ನ 26 ಮಾಡಿ ಆ ಒಂದು ಕ್ಲಾಸ್ ಮಾತ್ರ ಕಂಪೈಲ್ ಮಾಡಿ ಮಿಲ್ಲಿನ ಕಂಪ್ಯೂಟರಿಗೆ ಹಾಕಿ ಬಂದ್ರಿ ಅನ್ಕೊಳ್ರಿ. ಲೋಡ್ ಬಿಲ್ ಕ್ಲಾಸು ಇನ್ನೂ 25ರಲ್ಲೇ ಗುಣಿಸ್ತಾ ಕೂತಿರ್ತೈತೆ! ಯಾಕಂದ್ರೆ ಇಂಥ ಸ್ಥಿರ ಸಂಖ್ಯೆನ ಜಾವಾ ಕಂಪೈಲರು ಬಳಸೋ ಕಡೆ ಹೋಗಿ ಅಂಕಿನೇ ಅಚ್ಚೊತ್ತಿ ಬಿಡ್ತೈತೆ, ಓಡೋವಾಗ ಚೀಲ ಕ್ಲಾಸನ್ನ ಹೋಗಿ ಕೇಳೋದೇ ಇಲ್ಲ. ಲೋಡ್ ಬಿಲ್ಲಿನ ಸೋರ್ಸ್ ಎರಡೂ ಕಡೆ ಅಕ್ಷರಕ್ಕಕ್ಷರ ಒಂದೇ, ಡಿಫ್ ಕೊಟ್ರೆ ಒಂದು ಸಾಲೂ ಕೆಂಪಾಗಲ್ಲ, ಬಿಲ್ ಮಾತ್ರ ಬೇರೆ ಬರ್ತೈತೆ. ಹಿಂಗಾದಾಗ ಜಾವಾಪಿಗೆ ಮೈನಸ್ ಸಿ ಕೊಟ್ಟು ಒಳಗಿನ ಸೂಚನೆಗಳನ್ನೇ ತೆಗೆಸಿ ಹೋಲಿಸ್ಬೇಕು, ಒಂದರಲ್ಲಿ ಬೈಪುಶ್ (ಈ ಅಂಕಿ ತಗೋ ಅನ್ನೋ ಸೂಚನೆ) 25 ಇನ್ನೊಂದರಲ್ಲಿ ಬೈಪುಶ್ 26 ಅಂತ ಸಿಕ್ಕಿಬೀಳ್ತೈತೆ. ಪರಿಹಾರ ಏನು ಅಂದ್ರೆ ಎಲ್ಲಾ ಕ್ಲಾಸನ್ನೂ ಒಟ್ಟಿಗೆ ಮತ್ತೆ ಕಂಪೈಲ್ ಮಾಡೋದು, ಒಂದೊಂದೇ ಕ್ಲಾಸ್ ಫೈಲು ಪೆನ್‌ಡ್ರೈವಲ್ಲಿ ಹೊತ್ಕೊಂಡು ಹೋಗೋದು ಬಿಡೋದು.

ಇನ್ನೊಂದು ಬೈಗುಳ ಬಾಕಿ ಐತೆ, ಇಬ್ರು ಕೆಲಸ ಮಾಡೋ ಕಡೆ ಗಿಟ್ ಯಾಕ್ ಇಟ್ಟಿರ್ಲಿಲ್ಲ? ಇಟ್ಟಿದ್ರೆ ಯಾರು ಯಾವತ್ತು ಏನು ಬದಲಿಸಿದ್ರು ಅಂತ ಅದೇ ಹೇಳ್ತಿತ್ತು, ಈ ಪತ್ರನೇ ಬರ್ತಿರ್ಲಿಲ್ಲ.

ಪ್ರಶ್ನೆ: ಸರ್, ನಾನು ಬಿಸಿಎ ಎರಡನೇ ವರ್ಷ. ಇಂಟರ್ನಲ್ಸ್‌ನಾಗ "ಎರಡು ಕ್ಲಾಸ್‌ಗಳನ್ನು ಹೋಲಿಸುವ ಪ್ರೋಗ್ರಾಂ ಬರೆಯಿರಿ" ಅಂತ ಬಂದಿತ್ರಿ. ನಾನು ಸ್ಟೂಡೆಂಟ್ ಕ್ಲಾಸಿಗೆ ಈಕ್ವಲ್ಸ್ ಮೆಥಡ್ ಬರದು ಔಟ್‌ಪುಟ್ ಸೈತ ಬರದೆ, ಹತ್ತಕ್ಕ ಎರಡು ಕೊಟ್ಟಾರ. ನಂದು ಏನ್ ತಪ್ಪು? (ವಿದ್ಯಾರ್ಥಿನಿ, ಕೊಪ್ಪಳ)

ಉತ್ತರ: ತಂಗಿ, ನಿಂದು ಪ್ರೋಗ್ರಾಂ ತಪ್ಪಿಲ್ಲ, ಪ್ರಶ್ನೆ ತಪ್ಪು ತಿಳ್ಕೊಂಡೀಯ, ಪ್ರಶ್ನೆ ಬರೆದವ್ರೂ ಸ್ವಲ್ಪ ಬಿಡಿಸಿ ಬರೀಬೇಕಿತ್ತು ಅಂತ ನನ್ನ ಅನಿಸಿಕೆ. ಖಾಲಿ ಅರ್ಜಿ ಫಾರಂ ಇರ್ತೈತಲ್ಲ ನಾಡಕಚೇರೀಲಿ, ಅದು ಕ್ಲಾಸು. ನೀನು ಹೆಸರು ಊರು ತುಂಬಿ ಕೊಟ್ಟ ಫಾರಂ ಆಬ್ಜೆಕ್ಟು. ಈಕ್ವಲ್ಸ್ ನೋಡೋದು ತುಂಬಿದ ಎರಡು ಫಾರಂ ಒಂದೇ ಥರ ತುಂಬೀವಾ ಅಂತ. ನಿನ್ನನ್ನ ಕೇಳಿದ್ದು ಖಾಲಿ ಫಾರಂ ಎರಡನ್ನ ಹೋಲಿಸು ಅಂತ, ಜಾತಿ ಪ್ರಮಾಣಪತ್ರದ ಫಾರಮಲ್ಲಿ ಯಾವ ಖಾನೆ ಐತೆ, ಆದಾಯದ ಫಾರಮಲ್ಲಿ ಯಾವ್ದಿಲ್ಲ, ಹಂಗೆ.

ಅದಕ್ಕೆ ಜಾವಾದಲ್ಲಿ ರಿಫ್ಲೆಕ್ಷನ್ ಐತೆ, ಅಂದ್ರೆ ಒಂದು ಕ್ಲಾಸಿನೊಳಗೆ ಏನೇನೈತೆ ಅಂತ ಓಡ್ತಿರೋ ಪ್ರೋಗ್ರಾಮೇ ಕೇಳಿ ತಿಳ್ಕೊಳ್ಳೋದು. ಗೆಟ್ ಡಿಕ್ಲೇರ್ಡ್ ಮೆಥಡ್ಸ್ ಅಂದ್ರೆ ಆ ಕ್ಲಾಸಲ್ಲೇ ಬರೆದ ಎಲ್ಲಾ ಮೆಥಡ್, ಪ್ರೈವೇಟ್ ಸೇರಿ, ಅಪ್ಪನ ಕ್ಲಾಸಿಂದ ಬಂದಿದ್ದು ಬಿಟ್ಟು. ಗೆಟ್ ಮೆಥಡ್ಸ್ ಅಂದ್ರೆ ಪಬ್ಲಿಕ್ ಮಾತ್ರ, ಆದ್ರೆ ಅಪ್ಪ ಅಜ್ಜನ ಕಡೆಯಿಂದ ಬಂದಿದ್ದೂ ಸೇರಿ. ಯಾವ್ದು ಬೇಕು ಅಂತ ಮೊದ್ಲು ತೀರ್ಮಾನ ಮಾಡ್ಕೋ, ಎಷ್ಟೋ ಜನ ಇಲ್ಲೇ ಎಡವೋದು. ಎರಡೂ ಕ್ಲಾಸಿನ ಮೆಥಡ್‌ಗಳ ಹೆಸರು ಮತ್ತೆ ಪ್ಯಾರಾಮೀಟರ್ (ಮೆಥಡ್ ತಗೊಳ್ಳೋ ಮಾಹಿತಿ) ಸೇರಿಸಿ ಎರಡು ಸೆಟ್ಟಿಗೆ ಹಾಕು, ಒಂದರಿಂದ ಇನ್ನೊಂದು ಕಳಿ, ಆಯ್ತು ನಿನ್ನ ಟೂಲು. ಬರೀ ಹೆಸರು ಹಾಕಿದ್ರೆ ಸಾಲಲ್ಲ, ಒಂದೇ ಹೆಸರಲ್ಲಿ ಮೂರು ಓವರ್‌ಲೋಡ್ (ಪ್ಯಾರಾಮೀಟರ್ ಮಾತ್ರ ಬೇರೆ ಇರೋ ಮೆಥಡ್) ಇದ್ರೆ ಒಂದೇ ಆಗಿ ಕಾಣ್ತೈತೆ. ಎರಡು ಪಟ್ಟಿ (ಅರೇ) ಪಕ್ಕಪಕ್ಕ ಇಟ್ಟು ಒಂದನೇದು ಒಂದನೇದಕ್ಕೆ ಅಂತ ಹೋಲಿಸಬೇಡ, ಆ ಮೆಥಡ್‌ಗಳು ಇಂಥದೇ ಕ್ರಮದಲ್ಲಿ ಬರ್ತಾವೆ ಅಂತ ಜಾವಾ ಎಲ್ಲೂ ಮಾತು ಕೊಟ್ಟಿಲ್ಲ.

ಪೈಥಾನ್ ಲ್ಯಾಬ್ ಇದ್ರೆ ಇನ್ನೂ ಸಲೀಸು, ಎರಡೂ ಕ್ಲಾಸಿನ ಡಿರ್ ತಗೊಂಡು ಸೆಟ್ ಮಾಡಿ ಕಳೆದ್ರೆ ಒಂದೇ ಸಾಲಲ್ಲಿ ಮುಗೀತು. ಅಲ್ಲೂ ಡಿರ್ ಅಂದ್ರೆ ಅಪ್ಪನ ಕಡೇದೂ ಸೇರ್ತೈತೆ, ವಾರ್ಸ್ ಅಂದ್ರೆ ಸ್ವಂತದ್ದು ಮಾತ್ರ.

ಅಂದಂಗೆ ನಿನ್ನ ಉತ್ತರದಲ್ಲಿ ಈಕ್ವಲ್ಸ್ ಬರೆದು ಹ್ಯಾಶ್‌ಕೋಡ್ (ಆಬ್ಜೆಕ್ಟನ್ನ ಬೇಗ ಹುಡುಕೋಕೆ ಬಳಸೋ ಅಂಕಿ) ಬರೆದಿರಲಿಲ್ಲ ಅಂದ್ರೆ ಆ ಎರಡು ಮಾರ್ಕು ಸಿಕ್ಕಿದ್ದೇ ಪುಣ್ಯ. ಸಮ ಅನ್ನಿಸ್ಕೊಂಡ ಎರಡು ಆಬ್ಜೆಕ್ಟಿನ ಹ್ಯಾಶ್‌ಕೋಡ್ ಒಂದೇ ಇರ್ಲೇಬೇಕು, ಇಲ್ಲಾಂದ್ರೆ ಹ್ಯಾಶ್‌ಮ್ಯಾಪಲ್ಲಿ ಇಟ್ಟಿದ್ದು ವಾಪಸ್ ಸಿಗಲ್ಲ.

ಪ್ರಶ್ನೆ: ಅಣ್ಣಾ, ನಂದು ಫೈನಲ್ ಇಯರ್ ಪ್ರಾಜೆಕ್ಟ್, ಹತ್ತಿ ಮಾರ್ಕೆಟ್ ರೇಟ್ ತೋರ್ಸೋದು. ಒಂದು ಜಾರ್ ಲೈಬ್ರರಿ (ಬೇರೆಯವ್ರು ಬರದ ಕ್ಲಾಸುಗಳ ಗಂಟು) ಬಳಸೀನಿ, ಅದರ ಹೊಸ ವರ್ಷನ್ ಬಂದದ ಅಂತ ಹಳೇದು ತೆಗದು ಹೊಸದು ಇಟ್ಟೆ. ನನ್ನ ಕೋಡ್ ಒಂದಕ್ಷರ ಮುಟ್ಟಿಲ್ಲ. ಓಡಿಸಿದ್ರ ನೋ ಸಚ್ ಮೆಥಡ್ ಎರರ್ ಬರ್ಲಿಕತ್ತದ. ಆ ಲೈಬ್ರರಿ ಪೇಜಿನಾಗ ನೋಡಿದ್ರ ಅದೇ ಹೆಸರಿನ ಮೆಥಡ್ ಇನ್ನೂ ಅದ! ನನ್ನ ಗೈಡು ನಿಂದೇ ಏನೋ ತಪ್ಪು ಅಂತಾರ. (ಇಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು)

ಉತ್ತರ: ತಮ್ಮಾ, ನೀನು ಹೇಳೋದೂ ನಿಜ, ಎರರ್ ಹೇಳೋದೂ ನಿಜ. ನಾವು ಮೆಥಡನ್ನ ಹೆಸರಿಂದ ಗುರ್ತು ಹಿಡಿತೀವಿ, ಜಾವಾ ಮಷಿನ್ನು ಹೆಸರು, ಏನೇನು ತಗೊಳ್ತೈತೆ, ಏನು ವಾಪಸ್ ಕೊಡ್ತೈತೆ ಈ ಮೂರೂ ಸೇರಿಸಿ ಗುರ್ತು ಹಿಡಿತೈತೆ. ಲೈಬ್ರರಿಯವ್ರು ಇಂಟ್ (ಸಣ್ಣ ಪೂರ್ಣಾಂಕ) ಇದ್ದಿದ್ದನ್ನ ಲಾಂಗ್ (ದೊಡ್ಡ ಪೂರ್ಣಾಂಕ) ಮಾಡಿರ್ತಾರೆ ಅನ್ಕೋ. ಸೋರ್ಸ್ ಲೆಕ್ಕದಲ್ಲಿ ಏನೂ ತೊಂದ್ರೆ ಇಲ್ಲ, ನೀನು ಇಂಟ್ ಕೊಟ್ರೂ ಲಾಂಗಿನೊಳಗೆ ಹಿಡೀತೈತೆ. ಆದ್ರೆ ಹಿಂದೆ ಕಂಪೈಲ್ ಆಗಿ ಕೂತಿರೋ ನಿನ್ನ ಕ್ಲಾಸ್ ಫೈಲಲ್ಲಿ ಇಂಟ್ ತಗೊಳ್ಳೋ ಮೆಥಡ್ ಕರಿ ಅಂತ ಬರೆದೈತೆ, ಹೊಸ ಜಾರಲ್ಲಿ ಅಂಥದ್ದು ಇಲ್ಲವೇ ಇಲ್ಲ. ಮೊದ್ಲು ಪ್ರಾಜೆಕ್ಟನ್ನ ಕ್ಲೀನ್ ಮಾಡಿ ಹೊಸ ಜಾರಿನ ಎದುರಿಗೆ ಮತ್ತೆ ಕಂಪೈಲ್ ಮಾಡಿ ನೋಡು, ನಿನ್ನ ಕ್ಲಾಸು ನೇರವಾಗಿ ಕರೀತಿದ್ರೆ ಎರರ್ ಅಲ್ಲೇ ಹೋಗ್ಬೋದು. ಹೋಗ್ಲಿಲ್ಲ ಅಂದ್ರೆ ಕರೀತಿರೋದು ನೀನಲ್ಲ, ನೀನು ಬಳಸ್ತಿರೋ ಇನ್ಯಾವ್ದೋ ಜಾರು, ಅದನ್ನ ಕಂಪೈಲ್ ಮಾಡೋದು ನಿನ್ನ ಕೈಲಿಲ್ಲ. ಇಲ್ಲಾಂದ್ರೆ ಹಳೇ ಜಾರು ಹೊಸ ಜಾರು ಎರಡೂ ಕ್ಲಾಸ್‌ಪಾತಲ್ಲಿ (ಜಾವಾ ಕ್ಲಾಸುಗಳನ್ನ ಹುಡುಕೋ ಜಾಗಗಳ ಪಟ್ಟಿ) ಕೂತಿರ್ತಾವೆ, ಇದೂ ಬಹಳ ಸಾಮಾನ್ಯ.

ನಿನಗೆ ಬೇಕಾದ ಟೂಲು ಜ್ಯಾಪಿಕಂಪ್. ಮೈನಸ್ ಓ ಕೊಟ್ಟು ಹಳೇ ಜಾರು, ಮೈನಸ್ ಎನ್ ಕೊಟ್ಟು ಹೊಸ ಜಾರು, ಅಷ್ಟೇ, ಸೋರ್ಸ್ ಕೋಡೂ ಬೇಕಾಗಿಲ್ಲ. ಒಂದೊಂದು ಕ್ಲಾಸನ್ನ ಅದರ ಹಳೇ ರೂಪದ ಪಕ್ಕ ಇಟ್ಟು ಏನು ಹೊಸದು, ಏನು ತೆಗೆದ್ರು, ಏನು ಬದಲಾಯ್ತು, ಅದ್ರಲ್ಲಿ ಯಾವ್ದು ಹಳಬರನ್ನ ಒಡಿತೈತೆ ಅಂತ ಬೇರೆ ಮಾಡಿ ಹೇಳ್ತೈತೆ. ಬೇಕಂದ್ರೆ ಎಚ್‌ಟಿಎಂಎಲ್ ರಿಪೋರ್ಟ್ ಮಾಡಿಸ್ಕೊಂಡು ನಿಮ್ಮ ಗೈಡ್ ಮುಂದೆ ಇಡು. ರೆವಾಪಿ ಅಂತಾನೂ ಒಂದು ಐತೆ, ಕೆಲಸ ಹೆಚ್ಚುಕಮ್ಮಿ ಅದೇ.

ಯಾವ ಬದಲಾವಣೆ ಒಡಿತೈತೆ ಯಾವ್ದು ಒಡಿಯಲ್ಲ ಅನ್ನೋದು ಯಾರೋ ಕೂತು ಊಹೆ ಮಾಡಿದ್ದಲ್ಲ, ಜಾವಾ ಭಾಷೆಯ ಅಧಿಕೃತ ನಿಯಮಾವಳಿಯ 13ನೇ ಅಧ್ಯಾಯ ಪೂರ್ತಿ ಇದರದ್ದೇ. ಓದಿದ್ರೆ ಒಂದೊಂದು ಕಡೆ ಆಶ್ಚರ್ಯ ಆಗ್ತೈತೆ. ಉದಾಹರಣೆಗೆ ಇಂಟರ್‌ಫೇಸಿಗೆ (ಕ್ಲಾಸಲ್ಲಿ ಯಾವ್ಯಾವ ಮೆಥಡ್ ಇರ್ಲೇಬೇಕು ಅನ್ನೋ ಪಟ್ಟಿ) ಹೊಸ ಮೆಥಡ್ ಸೇರಿಸಿದ್ರೆ ಹಳೇ ಕ್ಲಾಸ್ ಫೈಲುಗಳು ಹಂಗೇ ಲೋಡ್ ಆಗ್ತಾವೆ, ಯಾರಾದ್ರೂ ಆ ಹೊಸ ಮೆಥಡನ್ನ ಕರೆಯೋ ತನಕ. ಕರೆದಾಗ ಆಬ್‌ಸ್ಟ್ರಾಕ್ಟ್ ಮೆಥಡ್ ಎರರ್. ಅದೇ ಕ್ಲಾಸನ್ನ ಮತ್ತೆ ಕಂಪೈಲ್ ಮಾಡೋಕೆ ಹೋಗು, ಕಂಪೈಲರೇ ಬಿಡಲ್ಲ. ನಿಂದರಲ್ಲಿ ಕಂಪೈಲ್ ಆಗ್ತೈತೆ ಓಡಲ್ಲ, ಇದ್ರಲ್ಲಿ ಓಡ್ತೈತೆ ಕಂಪೈಲ್ ಆಗಲ್ಲ. 2014ರಲ್ಲಿ ಜಾವಾ 8ಕ್ಕೆ ಡೀಫಾಲ್ಟ್ ಮೆಥಡ್ (ಇಂಟರ್‌ಫೇಸಲ್ಲೇ ಕೋಡ್ ಬರೆದಿರೋ ಮೆಥಡ್) ತಂದಿದ್ದೇ ಈ ಇಕ್ಕಟ್ಟಿಗೆ, ಇಲ್ಲಾಂದ್ರೆ ಕಲೆಕ್ಷನ್ ಇಂಟರ್‌ಫೇಸಿಗೆ ಸ್ಟ್ರೀಮ್ ಸೇರಿಸಿದ ದಿನಾನೇ ಅದನ್ನ ಇಂಪ್ಲಿಮೆಂಟ್ ಮಾಡಿದವ್ರೆಲ್ಲಾ ಬೀದಿಗೆ ಬರ್ತಿದ್ರು.

ನಿಮ್ಮ ಗೈಡ್ ಮೇಲೆ ಸಿಟ್ಟಾಗಬೇಡ. ಈ ಬಿಸಿಲಲ್ಲಿ ರಾಯಚೂರಲ್ಲಿ ಕೂತು ನಲವತ್ತು ಪ್ರಾಜೆಕ್ಟ್ ನೋಡೋರು ಇನ್ನೇನು ಹೇಳ್ತಾರೆ.

ಪ್ರಶ್ನೆ: ಸರ್ ನಮಸ್ಕಾರ. ನಾನು ಜೀನ್ಸ್ ಯುನಿಟ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೀತೀನಿ. ಮಾಲು ತಗೊಳ್ಳೋ ಪಾರ್ಟಿಗೆ ಒಂದು ಕ್ಲಾಸು, ಜಾಬ್‌ವರ್ಕ್ ಮಾಡಿ ಕೊಡೋ ಹೊಲಿಗೆಯವರಿಗೆ ಒಂದು ಕ್ಲಾಸು ಇಟ್ಟಿದೀನಿ. ಎರಡರಲ್ಲೂ ಹೆಸರು, ಫೋನು, ಬಾಕಿ, ಕೊಟ್ಟಿದ್ದು ತಗೊಂಡಿದ್ದು ಎಲ್ಲಾ ಒಂದೇ ಥರ ಐತೆ. ಇವೆರಡರಲ್ಲಿ ಎಷ್ಟು ಒಂದೇ ಅಂತ ಹೇಳೋ ಟೂಲ್ ಇದ್ರೆ ತಿಳಿಸಿ, ಜಾಸ್ತಿ ಒಂದೇ ಇದ್ರೆ ಮೇಲೊಂದು ಕ್ಲಾಸ್ ಮಾಡಿ ಇನ್‌ಹೆರಿಟ್ ಮಾಡಿಬಿಡೋಣ, ಅಂದ್ರೆ ಅದರಿಂದ ಎರಡಕ್ಕೂ ಬರೋ ಹಂಗೆ ಮಾಡೋಣ ಅಂತ. (ಓದುಗರು, ಕೌಲ್‌ಬಜಾರ್, ಬಳ್ಳಾರಿ)

ಉತ್ತರ: ಅಕ್ಕ, ಟೂಲ್ ಐತೆ. ಕೋಡ್ ತಪಾಸಣೆ ಮಾಡೋ ಪಿಎಂಡಿ ಅನ್ನೋದರ ಜೊತೆ ಸಿಪಿಡಿ ಅಂತ ಬರ್ತೈತೆ, ಕಾಪಿ ಪೇಸ್ಟ್ ಹಿಡಿಯೋದೇ ಅದರ ಕೆಲಸ. ಕನಿಷ್ಠ ಎಷ್ಟು ಟೋಕನ್ (ಕೋಡಿನ ಒಂದೊಂದು ಪದ, ಚಿಹ್ನೆ) ಒಂದೇ ಇದ್ರೆ ಹೇಳ್ಬೇಕು ಅಂತ ಕೊಡಬೇಕು, 100 ಅಂತಿಟ್ಟು ಶುರು ಮಾಡ್ರಿ, ಏನೂ ಸಿಗ್ಲಿಲ್ಲ ಅಂದ್ರೆ ಇಳಿಸ್ತಾ ಬರ್ರಿ. ಹೆಸರು ಬದಲಿದ್ರೂ ಹಿಡಿ ಅಂತ ಹೇಳೋ ಆಯ್ಕೆನೂ ಐತೆ, ಪಾರ್ಟಿ ಬಾಕಿ, ಟೇಲರ್ ಬಾಕಿ ಅಂತ ಬೇರೆ ಹೆಸರಿಟ್ಟಿದ್ರೂ ಸಿಕ್ಕಿಬೀಳ್ತೈತೆ.

ಆದ್ರೆ ಟೂಲು ಬಹಳಷ್ಟು ಒಂದೇ ಅಂದ ತಕ್ಷಣ ಮೇಲೊಂದು ಕ್ಲಾಸ್ ಕಟ್ಟಬೇಡ್ರಿ. ಕಟಿಂಗ್ ಮಾಸ್ತರು ಮಕ್ಕಳ ಪ್ಯಾಂಟಿಂದೂ ದೊಡ್ಡವರದ್ದೂ ಪ್ಯಾಟರ್ನ್ ಒಂದರ ಮೇಲೊಂದು ಇಟ್ಟು ನೋಡಿದ್ರೆ ಪಾಕೆಟ್ ಜಾಗ ಕೂಡ್ಬೋದು, ಅಂತ ಒಂದೇ ಪ್ಯಾಟರ್ನ್ ಮಾಡ್ತಾನಾ? ನಾಳೆ ಯಾವ್ದು ಯಾಕೆ ಬದಲಾಗ್ತೈತೆ ಅಂತ ಕೇಳ್ಕೊಳ್ರಿ. ಪಾರ್ಟಿದು ಬದಲಾಗೋದು ಜಿಎಸ್‌ಟಿ, ಉದ್ರಿ ದಿನ ಇಂಥವಕ್ಕೆ. ಹೊಲಿಗೆಯವರದ್ದು ಬದಲಾಗೋದು ಪೀಸ್ ರೇಟು, ಅಡ್ವಾನ್ಸು, ಬಟವಾಡೆಗೆ. ಇವತ್ತು ಕೂಡಿಸಿದ್ರೆ ಆರು ತಿಂಗಳಿಗೆ ಮೇಲಿನ ಕ್ಲಾಸಲ್ಲಿ ಪಾರ್ಟಿ ಆದ್ರೆ ಹಿಂಗೆ, ಟೇಲರ್ ಆದ್ರೆ ಹಂಗೆ ಅಂತ ಇಫ್ ತುಂಬ್ತೀರಿ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಹೇಳಿದ್ದು ಇದನ್ನೇ ಅಲ್ವಾ, ಮಗನ ಕ್ಲಾಸನ್ನ ಅಪ್ಪನ ಜಾಗದಲ್ಲಿ ನಿಲ್ಲಿಸಿದ್ರೆ ಬಳಸೋರಿಗೆ ಮೋಸ ಆಗ್ಬಾರ್ದು ಅಂತ. ಫೋನು ವಿಳಾಸ ಸಂಪರ್ಕ ಅಂತ ಒಂದು ಸಣ್ಣ ಕ್ಲಾಸ್ ಮಾಡಿ ಇಬ್ಬರೊಳಗೂ ಇಟ್ಟುಬಿಡ್ರಿ, ಇನ್‌ಹೆರಿಟೆನ್ಸ್ ಬೇಡ. ಬಾಕಿ ಲೆಕ್ಕ ಮಾತ್ರ ನಿಜವಾಗ್ಲೂ ಒಂದೇನಾ ಅಂತ ಕೈಯಿಂದ ನೋಡ್ರಿ, ಟೂಲ್ ನಂಬಬೇಡ್ರಿ.

ಹಿಂಗ್ಯಾಕೆ ಅಂತೀನಂದ್ರೆ ನಾನೇ ಒಂದು ಸಲ ನಂಬಿ ಕೆಟ್ಟಿದೀನಿ. ಇಲ್ಲೇ ಒಂದು ಯುನಿಟ್ಟಿಗೆ ಮಾಡಿಕೊಟ್ಟಿದ್ದ ಮಜೂರಿ ಲೆಕ್ಕದ ಕ್ಲಾಸನ್ನ ಸ್ವಲ್ಪ ನೀಟ್ ಮಾಡೋಣ ಅಂತ ಮತ್ತೆ ಬರೆದೆ, ಹಳೇದು ಹೊಸದು ಎರಡರ ಮುಖ ಹೋಲಿಸಿದೆ, ಒಂದು ಸಾಲೂ ವ್ಯತ್ಯಾಸ ಬರ್ಲಿಲ್ಲ, ಅದೇ ಮೆಥಡ್, ಅದೇ ಪ್ಯಾರಾಮೀಟರ್, ಅದೇ ರಿಟರ್ನ್. ಖುಷಿಯಾಗಿ ಹಾಕಿ ಬಂದೆ. ಶನಿವಾರ ಬಟವಾಡೆ ಆಗಿ ಅರ್ಧ ಗಂಟೆ ಆಗಿಲ್ಲ, ಫೋನು. ಓದೋಕೆ ಬರೆಯೋಕೆ ಬರದ ಒಬ್ಬ ವಯಸ್ಸಾದ ಟೇಲರ್ ನಿಂತು ನಂಗೆ ಐದು ರೂಪಾಯಿ ಕಮ್ಮಿ ಬಂದೈತೆ ಅಂತ ಪಟ್ಟು ಹಿಡಿದಿದಾರೆ, ಮಾಲೀಕರು ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಬಿಡಜ್ಜ ಅಂತಿದಾರೆ. ತಪ್ಪಿತ್ತು. ಪೀಸಿಗೆ 8 ರೂಪಾಯಿ 35 ಪೈಸೆ ಅಂತಿಟ್ಕೊಳ್ರಿ, ಒಂದು ದಿನದಲ್ಲಿ 7, 9, 11 ಅಂತ ಮೂರು ಗಂಟು ಹೊಲಿದ್ರೆ ಒಟ್ಟು 225 ರೂಪಾಯಿ 45 ಪೈಸೆ, ಹಳೇ ಕ್ಲಾಸು ಒಟ್ಟು ಮಾಡಿ ಆಮೇಲೆ ಪೈಸೆ ಬಿಡ್ತಿತ್ತು, 225. ನನ್ನ ನೀಟಾದ ಕ್ಲಾಸು ಒಂದೊಂದು ಗಂಟಿಗೂ ಪೈಸೆ ಬಿಟ್ಟು ಆಮೇಲೆ ಕೂಡಿಸ್ತಿತ್ತು, 58, 75, 91, ಒಟ್ಟು 224. ದಿನಕ್ಕೊಂದು ರೂಪಾಯಿ. ಮುಖ ಹೋಲಿಸೋ ಯಾವ ಟೂಲಿಗೂ ಇದು ಕಾಣಲ್ಲ, ಆ ಅಜ್ಜನಿಗೆ ಬೆರಳಲ್ಲಿ ಎಣಿಸಿ ಗೊತ್ತಾಯ್ತು. ಮುಂದಿನ ಶನಿವಾರ ಎಲ್ಲರಿಗೂ ಬಾಕಿ ಸೇರಿಸಿ ಕೊಡಿಸಿದ್ದು ಬೇರೆ ಮಾತು, ಆದ್ರೆ ಅವತ್ತಿಂದ ನಾನು ಕ್ಲಾಸ್ ಹೋಲಿಸೋದು ಅಂದ್ರೆ ಹಿಂಗೆ: ಹೋದ ತಿಂಗಳ ನಿಜವಾದ ಲೆಕ್ಕ ಪೂರ್ತಿ ಹಳೇ ಕ್ಲಾಸಿಗೂ ಹೊಸ ಕ್ಲಾಸಿಗೂ ಉಣಿಸ್ತೀನಿ, ಎರಡರ ಉತ್ತರ ಎರಡು ಟೆಕ್ಸ್ಟ್ ಫೈಲಿಗೆ ಬರೆಸ್ತೀನಿ, ಆ ಎರಡು ಫೈಲಿಗೆ ಡಿಫ್ ಕೊಡ್ತೀನಿ. ಐವತ್ತು ವರ್ಷದ ಹಿಂದಿನ ಆ ಸಾಲು ಎಣಿಸೋ ಡಿಫ್ಫೇ ಇಲ್ಲಿ ಸರಿಯಾಗಿ ಕೂರ್ತೈತೆ ನೋಡ್ರಿ, ಒಂದು ರೂಪಾಯಿ ಎಲ್ಲಿ ಹೋಯ್ತು ಅಂತ ಸಾಲು ಸಮೇತ ತೋರಿಸ್ತೈತೆ.

ನಿಮ್ಮ ಬಾಕಿ ಲೆಕ್ಕ ಕೂಡಿಸ್ಲೇಬೇಕು ಅನ್ನಿಸಿದ್ರೆ ಹಿಂಗೆ ಒಂದು ತಿಂಗಳದ್ದು ಓಡಿಸಿ ನೋಡಿ ಆಮೇಲೆ ಕೂಡಿಸ್ರಿ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಉಪನ್ಯಾಸಕ. ಲ್ಯಾಬ್‌ನಲ್ಲಿ ಬ್ಯಾಂಕ್ ಅಕೌಂಟ್ ಕ್ಲಾಸ್ ಬರೆಯಲು ಕೊಟ್ಟರೆ ಅರವತ್ತು ಮಂದಿಯದೂ ಒಂದೇ ತರಹ ಇರುತ್ತದೆ. ಹೆಸರು ಮಾತ್ರ ಬದಲಿಸಿರುತ್ತಾರೆ. ಯಾರು ಯಾರದನ್ನು ನಕಲು ಮಾಡಿದರೆಂದು ಹೋಲಿಸಿ ಹೇಳುವ ಸಾಧನ ಇದೆಯೇ? (ಉಪನ್ಯಾಸಕರು, ಸಿಂಧನೂರು)

ಉತ್ತರ: ಐತೆ ಸರ್, ಎರಡು ಐತೆ. ಮಾಸ್ ಅಂತ ಒಂದು, 1994ರಲ್ಲಿ ಅಲೆಕ್ಸ್ ಐಕನ್ ಮಾಡಿದ್ದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ವರಿಗೆ ಕಳಿಸಬೇಕಾಗ್ತೈತೆ. ಇನ್ನೊಂದು ಜೆಪ್ಲಾಗ್, ಜರ್ಮನಿಯ ಕಾರ್ಲ್ಸ್‌ರೂವಿನವ್ರದ್ದು, ಇದು ನಿಮ್ಮ ಮಷಿನ್ನಲ್ಲೇ ಓಡ್ತೈತೆ, ಲ್ಯಾಬಲ್ಲಿ ಇಂಟರ್ನೆಟ್ ಬಂದು ಹೋಗಿ ಮಾಡಿದ್ರೂ ಚಿಂತೆ ಇಲ್ಲ, ಅದಕ್ಕೆ ನನ್ನ ಓಟು ಇದಕ್ಕೆ. ಹೆಸರು ಬದಲಿಸಿದ್ರೆ, ಕಾಮೆಂಟ್ ಸೇರಿಸಿದ್ರೆ ಎರಡೂ ಮೋಸ ಹೋಗಲ್ಲ, ಟೋಕನ್ ಮಾಡಿ ಹೋಲಿಸ್ತಾವೆ. ಯಾರು ಯಾರದ್ದು ನಕಲು ಮಾಡಿದ್ರು ಅಂತ ಮಾತ್ರ ಹೇಳಲ್ಲ, ಈ ಇಬ್ಬರದ್ದು ಇಷ್ಟು ಹೋಲ್ತೈತೆ ಅಂತಷ್ಟೇ, ಕರೆದು ಕೇಳೋದು ನಿಮ್ಮ ಕೆಲಸ. ಬ್ಯಾಂಕ್ ಅಕೌಂಟ್ ಅಂದ್ರೆ ಹಾಕೋದು ತೆಗೆಯೋದು ಬ್ಯಾಲೆನ್ಸ್ ನೋಡೋದು, ಅಷ್ಟು ಸಣ್ಣ ಕ್ಲಾಸನ್ನ ಪ್ರಾಮಾಣಿಕವಾಗಿ ಬರೆದ್ರೂ ಒಂದೇ ಥರ ಬರ್ತೈತೆ ಅನ್ನೋದೂ ನೆನಪಿರ್ಲಿ. ಆಮೇಲೆ ಓಡಿಸೋಕೆ ಮೊದ್ಲು ನೀವು ಬೋರ್ಡ್ ಮೇಲೆ ಬರೆಸಿದ ಭಾಗನ ಬೇಸ್ ಕೋಡ್ ಅಂತ ಬೇರೆ ಕೊಡ್ರಿ ಸರ್, ಎರಡರಲ್ಲೂ ಆ ಸೌಲಭ್ಯ ಐತೆ. ಇಲ್ಲಾಂದ್ರೆ ಅರವತ್ತೂ ಮಂದಿ ನಿಮ್ಮನ್ನೇ ಕಾಪಿ ಹೊಡೆದಾರೆ ಅಂತ ರಿಪೋರ್ಟ್ ಬರ್ತೈತೆ.